ನಿವೇಶನದ ಜಾಗ ಆರಿಸುವವರು ಯಾರು? – ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

(ಹೊಸನಗರ ತಾಲ್ಲೂಕಿನ ಓದುಗರೊಬ್ಬರ ಪತ್ರದ ಸಾರ: ನಮ್ಮ ಗ್ರಾಮ ಪಂಚಾಯಿತಿಯು ನಿವೇಶನರಹಿತರಿಗೆಂದು ಊರಿನಿಂದ ಮೂರು ಕಿಲೋಮೀಟರ್ ಆಚೆಯ ಗುಡ್ಡದ ಇಳಿಜಾರನ್ನು ಗುರುತಿಸಿದೆ. ಶಾಲೆಯ ಹಿಂದೆಯೇ ಸಮತಟ್ಟಾದ ಸರ್ಕಾರಿ ಜಾಗವಿದೆ. ಕೇಳಿದರೆ ಪಂಚಾಯಿತಿಯವರು ತಾಲ್ಲೂಕು ಕಚೇರಿಯನ್ನೂ, ಅಲ್ಲಿಯವರು ಅರಣ್ಯ ಇಲಾಖೆಯನ್ನೂ ತೋರಿಸುತ್ತಾರೆ. ಹಾಗಾದರೆ ಜಾಗ ಆರಿಸುವವರು ಯಾರು?)

ಮಾನ್ಯರೇ,

ತಮ್ಮನ್ನು ಅಲೆದಾಡಿಸಿದವರು ಸುಳ್ಳನ್ನೇನೂ ಹೇಳಿಲ್ಲ. ನಿವೇಶನ ಹಂಚುವುದು ಪಂಚಾಯಿತಿಯಾದ್ದರಿಂದ ಜಾಗವೂ ಅದರದೇ ಎಂದು ನಾವೆಲ್ಲ ಭಾವಿಸುತ್ತೇವೆ. ಆದರೆ ಗ್ರಾಮಠಾಣಾದ (ಊರಿನ ಮನೆಗಳಿರುವ ಪ್ರದೇಶದ) ಹೊರಗಿನ ಸರ್ಕಾರಿ ಭೂಮಿ ಸಾಮಾನ್ಯವಾಗಿ ಕಂದಾಯ ಇಲಾಖೆಯ ಲೆಕ್ಕದಲ್ಲಿರುತ್ತದೆ. ಪಂಚಾಯಿತಿ ಮಾಡಬಹುದಾದದ್ದು ಇಷ್ಟೇ: ಇಂಥ ಸರ್ವೆ ನಂಬರಿನಲ್ಲಿ ಇಷ್ಟು ಎಕರೆ ಬೇಕೆಂದು ಠರಾವು ಮಾಡಿ ತಹಶೀಲ್ದಾರರಿಗೆ ಕಳಿಸುವುದು. ಆಮೇಲೆ ಗ್ರಾಮ ಆಡಳಿತ ಅಧಿಕಾರಿ ಮತ್ತು ಕಂದಾಯ ನಿರೀಕ್ಷಕರು ಸ್ಥಳ ನೋಡಿ ವರದಿ ಬರೆಯುತ್ತಾರೆ, ಭೂಮಾಪಕರು ನಕ್ಷೆ ತಯಾರಿಸುತ್ತಾರೆ, ಕಡತವು ಉಪವಿಭಾಗಾಧಿಕಾರಿಯವರ ಮೂಲಕ ಜಿಲ್ಲಾಧಿಕಾರಿಯವರ ಮೇಜಿಗೆ ಹೋಗುತ್ತದೆ, ಮತ್ತು 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 71ನೇ ಕಲಮಿನಡಿ ಅವರು ಆದೇಶಿಸಿದ ಮೇಲಷ್ಟೇ ಆ ಜಾಗ ನಿವೇಶನಕ್ಕೆ ಕಾಯ್ದಿರಿಸಿದ್ದಾಗುತ್ತದೆ.

ಈ ದಾರಿಯಲ್ಲಿ ಜಾಗಗಳು ಒಂದೊಂದಾಗಿ ಉದುರಿಹೋಗುತ್ತವೆ. ಗೋಮಾಳವಾದರೆ, ಅಂದರೆ ದನ ಮೇಯಲು ಬಿಟ್ಟ ಜಾಗವಾದರೆ, ಊರಿನ ಪ್ರತಿ ನೂರು ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಉಳಿಯಬೇಕೆಂಬ ನಿಯಮವಿದೆ. ಹೆಚ್ಚುವರಿ ಇದ್ದರೆ ಮಾತ್ರ ತಗ್ಗಿಸಿ ಕೊಡಬಹುದು. ರಸ್ತೆ, ಹಳ್ಳ, ಸ್ಮಶಾನಗಳಿರುವ ‘ಬಿ’ ಖರಾಬನ್ನು (ಸಾರ್ವಜನಿಕ ಬಳಕೆಗೆ ಬಿಟ್ಟ, ಸಾಗುವಳಿಗಲ್ಲದ ಭೂಮಿಯನ್ನು) ಮುಟ್ಟುವಂತಿಲ್ಲ. ಉಳಿದದ್ದರ ದಾಖಲೆಯಲ್ಲಿ ಕಾನು (ದಟ್ಟ ಕಾಡು), ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು) ಎಂಬ ಪದ ಕಂಡರೆ ಅರಣ್ಯ ಇಲಾಖೆಯ ಅಭಿಪ್ರಾಯ ಬೇಕಾಗುತ್ತದೆ. 1996ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟ್, ಒಡೆತನ ಯಾರದೇ ಇದ್ದರೂ ದಾಖಲೆಯಲ್ಲಿ ಅರಣ್ಯವೆಂದಿರುವುದೆಲ್ಲ ಅರಣ್ಯವೇ ಎಂದು ಹೇಳಿದ ಮೇಲೆ, ಅಂಥ ಜಾಗದಲ್ಲಿ ಮನೆ ಕಟ್ಟಿಸಲು 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಂತೆ ಕೇಂದ್ರದ ಪೂರ್ವಾನುಮತಿ ಬೇಕು. ಅದಕ್ಕೆ ಕಾಯುವ ತಾಳ್ಮೆ ಯಾವ ಪಂಚಾಯಿತಿಗೂ ಇಲ್ಲ. ಹೊಸನಗರ, ಸಾಗರ ತಾಲ್ಲೂಕುಗಳಲ್ಲಂತೂ ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರು ಒಳ್ಳೆಯ ನೆಲವನ್ನು ಮೊದಲೇ ನುಂಗಿದೆ.

ಹೀಗೆ ಸೋಸಿ ಸೋಸಿ ಕಡೆಗೆ ಉಳಿಯುವುದು ಗುಡ್ಡದ ಇಳಿಜಾರು. ಅದನ್ನು ಯಾರೂ ಆರಿಸಿದ್ದಲ್ಲ, ಬೇರೇನೂ ದಕ್ಕದೆ ಉಳಿದದ್ದು.

ಇನ್ನು ಶಾಲೆಯ ಹಿಂದಿನ ಜಾಗ. ಅದರ ಪಹಣಿಯನ್ನು ತಾವು ಕಳಿಸಿಲ್ಲವಾದ್ದರಿಂದ ನಿರ್ದಿಷ್ಟವಾಗಿ ಹೇಳಲಾರೆ. ಆದರೆ ಮಲೆನಾಡಿನಲ್ಲಿ ರಸ್ತೆ ಬದಿಯ ಸಮತಟ್ಟಾದ ಸರ್ಕಾರಿ ನೆಲ ನಿಜಕ್ಕೂ ಖಾಲಿ ಇರುವುದು ಅಪರೂಪ. ಸುತ್ತ ಅಗಳು ತೋಡಿರುತ್ತಾರೆ, ಒಳಗೆ ಎರಡು ವರ್ಷದ ಅಡಿಕೆ ಸಸಿ ಇರುತ್ತದೆ, ತಾಲ್ಲೂಕು ಕಚೇರಿಯಲ್ಲಿ ಅದೇ ಸರ್ವೆ ನಂಬರಿಗೆ ನಮೂನೆ 53ರಲ್ಲೋ 57ರಲ್ಲೋ ಬಗರ್‌ಹುಕುಂ (ಅನುಮತಿಯಿಲ್ಲದೆ ಸಾಗುವಳಿ ಮಾಡಿದ ಸರ್ಕಾರಿ ಭೂಮಿಯನ್ನು ಸಕ್ರಮಗೊಳಿಸುವ) ಅರ್ಜಿ ಕೂತಿರುತ್ತದೆ. ಆ ಅರ್ಜಿದಾರರು ಒಮ್ಮೊಮ್ಮೆ ಪಂಚಾಯಿತಿ ಸದಸ್ಯರ ಬಂಧುಗಳು, ಒಮ್ಮೊಮ್ಮೆ ಸದಸ್ಯರೇ. (ನಮ್ಮ ಪತ್ರಿಕೆಯ ಚಂದಾದಾರರಲ್ಲೂ ಇಂಥವರು ಕಡಿಮೆಯಿಲ್ಲವೆಂಬುದನ್ನು ಮರೆತು ಇದನ್ನು ಬರೆಯುತ್ತಿಲ್ಲ.) ಠರಾವಿನಲ್ಲಿ ಯಾವ ಸರ್ವೆ ನಂಬರು ಬರೆಯಬೇಕೆಂಬುದು ಪಂಚಾಯಿತಿಯ ಕೈಯಲ್ಲೇ ಇದೆ. ಅಲ್ಲಿ ನೆರೆಹೊರೆಯ ನಿಷ್ಠುರ ಕಟ್ಟಿಕೊಳ್ಳಲು ಹಿಂಜರಿದವರು ಆಮೇಲೆ ಕಾನೂನನ್ನು ಮುಂದೆ ಮಾಡುತ್ತಾರೆ. ತಮ್ಮ ಪ್ರಶ್ನೆಯನ್ನು ಕೇಳಬೇಕಾದದ್ದು ಈ ಠರಾವಿನ ಹಂತದಲ್ಲಿ.

ಇಳಿಜಾರಿನ ಬಗ್ಗೆ ತಾವು ಪಟ್ಟಿರುವ ಆತಂಕವನ್ನು ನಾನು ಹಗುರವಾಗಿ ಕಾಣಲಾರೆ. ಹಿಂದಿನ ವರ್ಷ ಆಷಾಢದಲ್ಲಿ ತೀರ್ಥಹಳ್ಳಿ ಕಡೆಯ ಇಂಥದೇ ಒಂದು ಬಡಾವಣೆಗೆ ಹೋಗಿದ್ದೆ. ಜೆಸಿಬಿಯಿಂದ ಗುಡ್ಡ ಕಡಿದು ಮೆಟ್ಟಿಲು ಮಾಡಿ, ಕಲ್ಲು ನೆಟ್ಟು, ಕೆಂಪು ಬಣ್ಣದಲ್ಲಿ ಸಂಖ್ಯೆ ಬರೆದಿದ್ದರು. ಹದಿನಾಲ್ಕನೆಯ ಕಲ್ಲಿನ ಬುಡದಿಂದ ಬೆರಳು ಗಾತ್ರದ ನೀರು ಬಿಡದೆ ಒಸರುತ್ತಿತ್ತು. ಅದರ ಮೇಲಿನ ಧರೆ ಆಗಲೇ ಒಂದು ಆಳು ಎತ್ತರ ಜರಿದಿತ್ತು. ಜೊತೆಗೆ ಬಂದಿದ್ದ ಅಜ್ಜಿಯೊಬ್ಬರು, “ಇಲ್ಲಿ ಅಬ್ಬಿ ಇತ್ತು ಮಾರಾಯ್ರೆ, ನಮ್ಮಮ್ಮ ಇಲ್ಲಿಂದ್ಲೇ ನೀರು ಹೊರ್ತಿದ್ರು” ಎಂದರು. ಅಳತೆ ಮಾಡಿದ್ದು ಯಾವಾಗ ಎಂದು ವಿಚಾರಿಸಿದೆ. ಫೆಬ್ರವರಿಯಲ್ಲಂತೆ. ಫೆಬ್ರವರಿಯಲ್ಲಿ ಮಲೆನಾಡಿನ ಯಾವ ಗುಡ್ಡವೂ ಒಣಗಿಯೇ ಕಾಣುತ್ತದೆ. ವರದಿಯಲ್ಲಿ ‘ವಾಸಕ್ಕೆ ಯೋಗ್ಯ’ ಎಂದು ಬರೆದವರ ಕಣ್ಣಿಗೆ ಒರತೆ ಬೀಳದಿದ್ದರೆ ಆಶ್ಚರ್ಯವಿಲ್ಲ. ಆದರೆ ಆ ಅಜ್ಜಿಯನ್ನು ಯಾರೂ ಕೇಳಿರಲಿಲ್ಲ.

ಗ್ರಾಮಸಭೆಯಲ್ಲಿ ಕೇಳುವುದು ಹೆಸರುಗಳನ್ನು. ಫಲಾನುಭವಿಗಳ ಪಟ್ಟಿಯ ಮೇಲೆ ಗಂಟೆಗಟ್ಟಲೆ ಜಗಳವಾಗುತ್ತದೆ, ಜಾಗ ಯಾವುದೆಂಬ ಮಾತು ಬರುವುದೇ ಇಲ್ಲ, ಬಂದರೂ ಅಷ್ಟರಲ್ಲಿ ಕಡತ ಜಿಲ್ಲಾಕೇಂದ್ರವಾದ ಶಿವಮೊಗ್ಗ ಸೇರಿರುತ್ತದೆ. ಈ ಕ್ರಮ ತಿರುವುಮುರುವಾಗಬೇಕೆಂಬುದು ನನ್ನ ಖಚಿತ ಅಭಿಪ್ರಾಯ: ಮೊದಲು ಜಾಗದ ಚರ್ಚೆ, ಆಮೇಲೆ ಹೆಸರು.

ಲೆಕ್ಕವನ್ನೂ ನೋಡಿ. ಎಕರೆಗೆ 43,560 ಚದರಡಿ. ರಸ್ತೆ, ಚರಂಡಿಗಳಿಗೆ ನೂರಕ್ಕೆ ನಲವತ್ತು ಭಾಗ ಬಿಟ್ಟರೆ 30×40 ಅಡಿಯ 21 ನಿವೇಶನ ಸಮತಟ್ಟು ನೆಲದಲ್ಲಿ ಸಿಗುತ್ತವೆ. ಇಳಿಜಾರಿನಲ್ಲಿ ಧರೆಗೂ ತಡೆಗೋಡೆಗೂ ಜಾಗ ಹೋಗುವುದರಿಂದ ಅಷ್ಟು ಸಿಗವು, ಗೋಡೆ ಕಟ್ಟುವ ಖರ್ಚು ಬೇರೆ. ಪುಕ್ಕಟೆ ಸಿಕ್ಕಿತೆಂದುಕೊಂಡ ನೆಲ ಪುಕ್ಕಟೆಯಲ್ಲ. ಸರ್ಕಾರಿ ಜಾಗ ಇಲ್ಲದ ಕಡೆ ಖಾಸಗಿ ಜಮೀನು ಕೊಂಡು ನಿವೇಶನ ಮಾಡುವ ಅವಕಾಶವೂ ಇದೆ. ಪಂಚಾಯಿತಿ ಅದನ್ನು ಪರಿಶೀಲಿಸಿತ್ತೇ ಎಂದು ಕೇಳಿ.

ಸದ್ಯಕ್ಕೆ ತಾವು ಮಾಡಬಹುದಾದದ್ದು: ಎರಡೂ ಸರ್ವೆ ನಂಬರುಗಳ ಪಹಣಿ ಮತ್ತು ಆಕಾರ್‌ಬಂದ್ (ಜಮೀನಿನ ವಿಸ್ತೀರ್ಣ, ಖರಾಬುಗಳ ಸರ್ವೆ ದಾಖಲೆ) ತೆಗೆಸಿ, ಪಂಚಾಯಿತಿಯ ಠರಾವು, ಸ್ಥಳ ತನಿಖೆಯ ವರದಿ ಮತ್ತು ನಕ್ಷೆಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ವರದಿಯ ಕೆಳಗಿನ ದಿನಾಂಕವನ್ನು ಮುಖ್ಯವಾಗಿ ಗಮನಿಸಿ. ಜಿಲ್ಲಾಧಿಕಾರಿಯವರ ಆದೇಶ ಇನ್ನೂ ಆಗಿಲ್ಲದಿದ್ದರೆ, ಮಳೆಗಾಲದಲ್ಲಿ ಮತ್ತೊಮ್ಮೆ ಸ್ಥಳ ತನಿಖೆ ಮಾಡಿಸಬೇಕೆಂದು ತಹಶೀಲ್ದಾರರಿಗೆ ಲಿಖಿತ ಮನವಿ ಕೊಡಿ; ನಿವೇಶನ ಪಡೆಯಬೇಕಾದ ಕುಟುಂಬದವರ ಸಹಿಯೇ ಅದರಲ್ಲಿ ಮೊದಲು ಇರಲಿ, ಇಲ್ಲವಾದರೆ ಬಡವರ ಮನೆಗೆ ಅಡ್ಡಗಾಲು ಹಾಕಿದವರೆಂಬ ಮಾತು ತಮ್ಮ ಮೇಲೆ ಬರುತ್ತದೆ. ಶಾಲೆಯ ಹಿಂದಿನ ಜಾಗದ ಪಹಣಿ ಸಿಕ್ಕಿದೊಡನೆ ನಮಗೂ ಒಂದು ಪ್ರತಿ ಕಳಿಸಿ.

– ಸಂಪಾದಕ