ಆರು ಸಾವಿರಕ್ಕೆ ಐದು ರತ್ತಿ ಮಾಣಿಕ್ಯ ಸಿಗುತ್ತಾ?

ಪ್ರಶ್ನೆ: ಯಜಮಾನರಿಗೆ 5 ರತ್ತಿಯ ಮಾಣಿಕ್ಯದ ಉಂಗುರ ಮಾಡಿಸಿ ಅಂತ ಜೋಯಿಸರು ಹೇಳಿದ್ದಾರೆ. ಅಂಗಡಿಯೊಂದರಲ್ಲಿ ತಿಳಿಯಾದ, ಒಳ್ಳೆ ಕೆಂಪು ಹರಳು ತೋರಿಸಿ 6,000 ರೂಪಾಯಿ ಅಂದರು. ‘ನ್ಯಾಚುರಲ್ ರೂಬಿ’ ಅಂತ ಬರೆದ ಕಾರ್ಡ್ ಕೂಡ ಕೊಡುತ್ತಾರಂತೆ. ಅಸಲಿ ಆದರೆ ಹಾಲಿನಲ್ಲಿ ಹಾಕಿದಾಗ ಹಾಲು ಕೆಂಪಾಗಬೇಕು ಅಂತಾರೆ ನಮ್ಮ ಅತ್ತೆ. ಹೇಗೆ ನೋಡಿ ತಗೊಳ್ಳಲಿ?
– ಓದುಗರು, ದಾವಣಗೆರೆ

ಉತ್ತರ: ದಯವಿಟ್ಟು ಮುಂಗಡ ಕೊಡಬೇಡಿ. 5 ರತ್ತಿ ಅಂದರೆ ಸುಮಾರು 4.5 ಕ್ಯಾರೆಟ್. ಅಷ್ಟು ದೊಡ್ಡ, ತಿಳಿಯಾದ, ಬಣ್ಣ ತುಂಬಿದ ಮಾಣಿಕ್ಯಕ್ಕೆ ಬೆಲೆ ಲಕ್ಷಗಳಲ್ಲಿ ಇರುತ್ತದೆ. ಹಾಗಿದ್ದರೆ ನಿಮಗೆ ತೋರಿಸಿದ್ದು ಏನು? ಒಂದೋ ಕಾರ್ಖಾನೆಯಲ್ಲಿ ಮಾಡಿದ ಹರಳು, ಇಲ್ಲವೇ ಗಾಜು ತುಂಬಿದ ಮಾಣಿಕ್ಯ. ನನಗೆ ಎರಡನೆಯದರ ಮೇಲೇ ಅನುಮಾನ ಜಾಸ್ತಿ.

ಗಾಜು ತುಂಬಿದ್ದು ಅಂದರೆ, ಮೈತುಂಬ ಬಿರುಕಿರುವ ಅಗ್ಗದ ಕಲ್ಲನ್ನು ತಗೊಂಡು, ಆ ಬಿರುಕುಗಳಿಗೆ ಸೀಸದ ಗಾಜನ್ನು ಕರಗಿಸಿ ಇಳಿಸುತ್ತಾರೆ, ಬಿರುಕು ಕಾಣಿಸದೆ ಹರಳು ತಿಳಿಯಾಗಿ ಹೊಳೆಯುತ್ತದೆ. 2004ರ ಆಸುಪಾಸಿನಿಂದ ಇಂಥವು ಮಾರುಕಟ್ಟೆಗೆ ರಾಶಿ ರಾಶಿ ಬಂದಿವೆ. ಮೂಲ ಕಲ್ಲು ಭೂಮಿಯಲ್ಲಿ ಸಿಕ್ಕಿದ್ದೇ ಅಲ್ವಾ, ಅದಕ್ಕೇ ಕಾರ್ಡಿನಲ್ಲಿ ‘ನ್ಯಾಚುರಲ್’ ಅಂತ ಬರೆಯುವ ಧೈರ್ಯ. ಆದರೆ ನಿಂಬೆರಸ ತಾಗಿದರೂ ಆ ಗಾಜು ಕೊರೆದುಹೋಗುತ್ತದೆ, ಉಂಗುರ ರಿಪೇರಿಗೆ ಅಂತ ಅಕ್ಕಸಾಲಿಗರು ಬೆಂಕಿ ಹಿಡಿದರೆ ಹರಳೇ ಹಾಳು. ದಿನಾ ಕೈಯಲ್ಲಿ ಇರುವ ಉಂಗುರಕ್ಕೆ ಇದು ಖಂಡಿತ ಬೇಡ.

ಬರಿ ಕಾಯಿಸಿದ ಮಾಣಿಕ್ಯದ ವಿಷಯ ಬೇರೆ. ಬಣ್ಣ ಹೆಚ್ಚಿಸಲು ಕಾಯಿಸುವುದು ವ್ಯಾಪಾರದಲ್ಲಿ ಎಲ್ಲರೂ ಒಪ್ಪಿದ ಪದ್ಧತಿ, ಆ ಬಣ್ಣ ಹೋಗುವುದೂ ಇಲ್ಲ. ಕಾಯಿಸದೇ ಇರುವ ಒಳ್ಳೆಯ ಹರಳಿಗೆ ಬೆಲೆ ತುಂಬಾ ಜಾಸ್ತಿ, ಅಷ್ಟೇ.

ಅತ್ತೆಯವರಿಗೆ ಬೇಜಾರಾಗದ ಹಾಗೆ ಹೇಳಿ, ಮಾಣಿಕ್ಯ ಹಾಲಿಗೆ ಬಣ್ಣ ಬಿಡುವುದಿಲ್ಲ. ಅಲ್ಯುಮಿನಿಯಂ ಆಕ್ಸೈಡಿನಲ್ಲಿ ಒಂದಿಷ್ಟು ಕ್ರೋಮಿಯಂ ಸೇರಿ ಆಗಿರುವ ಕಲ್ಲು ಅದು, ಬಿಡಲು ಬಣ್ಣವೇ ಇಲ್ಲ. ಗೀಚಿ ನೋಡುವ ಪರೀಕ್ಷೆಯಿಂದಲೂ ಉಪಯೋಗವಿಲ್ಲ. ಕಾರ್ಖಾನೆಯ ಹರಳೂ ಅಷ್ಟೇ ಗಟ್ಟಿ, ಅದರಲ್ಲಿ ಇರುವುದೂ ಅದೇ ವಸ್ತು.

ನೀವು ಮಾಡಬೇಕಾದದ್ದು ಇಷ್ಟು. ಉಂಗುರಕ್ಕೆ ಕೂರಿಸುವ ಮೊದಲೇ ಬಿಡಿ ಹರಳನ್ನು ನೋಡಿ, ಅಂಗಡಿಯ ಲೈಟಿನ ಕೆಳಗೆ ಅಲ್ಲ, ಬಾಗಿಲ ಹತ್ತಿರ ಹಗಲು ಬೆಳಕಿಗೆ ಹಿಡಿದು. 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಕೇಳಿ, ಕೊಡುತ್ತಾರೆ. ಹರಳನ್ನು ನಿಧಾನವಾಗಿ ಓರೆ ಮಾಡಿ. ಒಳಗೆ ನೀಲಿ ಮಿಂಚು ಹಾದುಹೋದರೆ, ಬಿರುಕಿನಲ್ಲಿ ಚಪ್ಪಟೆ ಗುಳ್ಳೆ ಕಂಡರೆ ಅದು ಗಾಜು ತುಂಬಿದ್ದು. ಬಾಗಿದ ಗೆರೆಗಳು ಕಂಡರೆ ಕಾರ್ಖಾನೆಯದು. ರೇಷ್ಮೆ ಎಳೆಯಂಥ ಸಣ್ಣ ಸೂಜಿಗಳಿದ್ದರೆ ಗಾಬರಿ ಬೇಡ, ಅದು ನೆಲದ ಹರಳಿನ ಒಳ್ಳೆ ಗುರುತು.

ಕಣ್ಣನ್ನೇ ನಂಬಿ ದುಡ್ಡು ಕೊಡಬೇಡಿ ಮಾತ್ರ. ಬ್ರಿಟಿಷ್ ಕಿರೀಟದಲ್ಲಿರುವ ‘ಬ್ಲ್ಯಾಕ್ ಪ್ರಿನ್ಸ್ ರೂಬಿ’ ಮಾಣಿಕ್ಯವೇ ಅಲ್ಲ, ಸ್ಪಿನೆಲ್ ಅನ್ನೋ ಬೇರೆ ಕಲ್ಲು! ಅಂಗಡಿಯ ಕಾರ್ಡನ್ನು ಬದಿಗಿಟ್ಟು ಹರಳು ಪರೀಕ್ಷಿಸುವ ಜಿಐಎ, ಐಜಿಐಯಂಥ ಲ್ಯಾಬ್‌ನ ವರದಿ ಕೇಳಿ. ಅದರ ನಂಬರನ್ನು ಆ ಲ್ಯಾಬ್‌ನ ವೆಬ್‌ಸೈಟಿನಲ್ಲಿ ಹಾಕಿ, ತೂಕ ಮತ್ತು ಅಳತೆ ನಿಮ್ಮ ಹರಳಿಗೆ ಹೊಂದುತ್ತಾ ನೋಡಿ. ಆಮೇಲೆ ಹರಳಿಗೆ ಏನೇನು ಮಾಡಿದ್ದಾರೆ ಅಂತ ಹೇಳುವ ‘ಟ್ರೀಟ್‌ಮೆಂಟ್’ ಸಾಲು ಓದಿ. ‘ಗ್ಲಾಸ್ ಫಿಲ್ಡ್’ (ಗಾಜು ತುಂಬಿದ್ದು), ‘ಕಾಂಪೊಸಿಟ್’ (ಕಲ್ಲು, ಗಾಜು ಸೇರಿಸಿದ್ದು) ಅಂತ ಇದ್ದರೆ ಬಿಟ್ಟುಬಿಡಿ. ಬಿಲ್ಲಿನಲ್ಲೂ ಅದೇ ವಿವರ ಬರೆಸಿಕೊಳ್ಳಿ.

ಬಜೆಟ್ ಕಡಿಮೆ ಇದ್ದರೆ ನಮ್ಮ ಮೈಸೂರು ಕಡೆಯ ಮಾಣಿಕ್ಯ ಕೇಳಿ ನೋಡಿ. ಬೆಳಕು ಹಾಯುವುದಿಲ್ಲ, ಬಣ್ಣ ಸ್ವಲ್ಪ ಮಂಕು, ಆದರೆ ಬೆಲೆ ಕೈಗೆಟಕುತ್ತದೆ. ಅದರಲ್ಲೇ ಕೆಲವನ್ನು ಗುಂಡಗೆ ನಯ ಮಾಡಿ ಟಾರ್ಚ್ ಹಿಡಿದರೆ ಆರು ಕಾಲಿನ ನಕ್ಷತ್ರ ಮೂಡುತ್ತದೆ, ನೋಡಲು ಎಷ್ಟು ಚೆಂದ!

ಪ್ರಶ್ನೆ: ಅಜ್ಜಿಯ ಕಾಲದ ಕೆಂಪಿನ ಓಲೆ ಇದೆ. ಹಳೆಯದಾದ್ದರಿಂದ ಹರಳು ಅಸಲಿಯೇ ಇರಬೇಕಲ್ವಾ?
– ಓದುಗರು, ಪುತ್ತೂರು

ಉತ್ತರ: ಹಾಗೆ ಹೇಳಲಾಗದು. ಫ್ರಾನ್ಸಿನ ರಸಾಯನ ವಿಜ್ಞಾನಿ ವೆರ್ನ್ಯೂಯಿ 1902ರಲ್ಲೇ ಜ್ವಾಲೆಯಲ್ಲಿ ಮಾಣಿಕ್ಯ ಮಾಡುವ ವಿಧಾನ ಪ್ರಕಟಿಸಿದ್ದರು. ಆಮೇಲೆ ಆ ಹರಳುಗಳು ಒಡವೆಗಳಿಗೆ ಧಾರಾಳವಾಗಿ ಬಂದವು. ಕೆಂಪಿನ ಓಲೆಯ ಹಿಂಭಾಗ ಮುಚ್ಚಿರುವುದರಿಂದ ಪರೀಕ್ಷೆಯೂ ಕಷ್ಟ. ಮಾರುವ ಯೋಚನೆ ಇಲ್ಲದಿದ್ದರೆ ಸುಮ್ನೆ ಹರಳು ಬಿಚ್ಚಿಸಬೇಡಿ. ಹಳೇ ಕೆಲಸ ಸಡಿಲವಾದರೆ ಮತ್ತೆ ಹಾಗೇ ಕೂರಿಸುವವರು ಸಿಗುವುದು ಕಷ್ಟ. ನೀರಿನಲ್ಲೂ ನೆನೆಸಬೇಡಿ, ಮೆತ್ತಗಿನ ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು.