ತಿಂಗಳು ತಿಂಗಳು ಹಾಡಿನ ಆ್ಯಪ್‌ಗೆ ದುಡ್ಡು ಕಟ್ಟುತ್ತೇನೆ, ಅದು ನಾನು ಕೇಳುವ ಗಾಯಕರಿಗೇ ಹೋಗುತ್ತಾ?

ಇಲ್ಲ. ನೀವು ಇಡೀ ತಿಂಗಳು ಒಬ್ಬರದ್ದೇ ಹಾಡು ಕೇಳಿದರೂ ಇಲ್ಲ.

ನಾನು ಮನೆಯಲ್ಲೇ ಹಾಡು ರೆಕಾರ್ಡ್ ಮಾಡಿ ಹಾಕುವವನು. ಹೊಟ್ಟೆಪಾಡಿಗೆ ಬೇರೆ ಕೆಲಸ ಇದೆ ಬಿಡಿ. ಸ್ಪಾಟಿಫೈನಂಥ ಹೆಚ್ಚಿನ ಆ್ಯಪ್‌ಗಳಲ್ಲಿ ಎಲ್ಲರ ಚಂದಾ ದುಡ್ಡೂ ಒಂದೇ ಹುಂಡಿಗೆ ಬೀಳುತ್ತದೆ. ಅದರಲ್ಲಿ ಸುಮಾರು ಮೂರನೇ ಒಂದು ಭಾಗ ಆ್ಯಪ್‌ನವರು ಇಟ್ಟುಕೊಂಡು, ಉಳಿದದ್ದನ್ನು ಒಟ್ಟು ಸ್ಟ್ರೀಮ್‌ಗಳಲ್ಲಿ, ಅಂದರೆ ಹಾಡುಗಳು ಓಡಿದ ಒಟ್ಟು ಸಲಗಳಲ್ಲಿ, ಯಾರ ಹಾಡಿನ ಪಾಲು ಎಷ್ಟು ಅಂತ ನೋಡಿ ಹಂಚುತ್ತಾರೆ. ನೀವು ತಿಂಗಳಿಗೆ ಹತ್ತು ಹಾಡು ಕೇಳಿದಿರಿ, ಇನ್ನೊಬ್ಬ ಜಿಮ್‌ನಲ್ಲಿ ಸಾವಿರ ಹಾಡು ಓಡಿಸಿದ. ಕಟ್ಟಿದ್ದು ಇಬ್ಬರೂ ಒಂದೇ, ಆದರೆ ಹಂಚುವಾಗ ಅವನ ಕಿವಿಗೆ ನೂರು ಪಟ್ಟು ತೂಕ! ಸಿಡಿ ಕಾಲದಲ್ಲಿ ಹೀಗಿರಲಿಲ್ಲ. ಕೊಂಡು ಕಪಾಟಿನಲ್ಲಿ ಇಟ್ಟು ಮರೆತರೂ ದುಡ್ಡು ಹೋಗಬೇಕಾದಲ್ಲಿ ಹೋಗಿರುತ್ತಿತ್ತು.

ಅದೂ ಕಲಾವಿದರ ಕೈಗೆ ನೇರ ಬರುವುದಿಲ್ಲ. ರೆಕಾರ್ಡಿಂಗ್‌ನ ಹಕ್ಕು ಬೇರೆ, ಹಾಡು ಬರೆದು ರಾಗ ಹಾಕಿದವರ ಹಕ್ಕು ಬೇರೆ. ಲೇಬಲ್ (ಹಾಡು ಬಿಡುಗಡೆ ಮಾಡುವ ಕಂಪನಿ) ಇದ್ದರೆ ಸಾಮಾನ್ಯವಾಗಿ ಮೊದಲು ಅವರು ಮುಂಗಡ ಕೊಟ್ಟ ದುಡ್ಡು ತೀರಬೇಕು.

ಹಾಗಂತ ಸ್ಟ್ರೀಮಿಂಗ್ ಬಂದು ಉದ್ಯಮ ಹಾಳಾಯಿತು ಅನ್ನುವುದು ಸುಳ್ಳು. ಹಾಳಾಗಿದ್ದು ಅದಕ್ಕೂ ಮೊದಲು. 1999ರಲ್ಲಿ ಹಾಡಿನ ಫೈಲ್ ಹಂಚಿಕೊಳ್ಳುವ ನ್ಯಾಪ್‌ಸ್ಟರ್ ಬಂದು ಎಲ್ಲರೂ ಪುಕ್ಕಟೆ ಇಳಿಸಿಕೊಳ್ಳತೊಡಗಿದರು, 2003ರಲ್ಲಿ ಆ್ಯಪಲ್‌ನ ಐಟ್ಯೂನ್ಸ್ ಸ್ಟೋರ್ ಒಂದೊಂದೇ ಹಾಡನ್ನು 99 ಸೆಂಟ್‌ಗೆ ಮಾರಿದರೂ ಕುಸಿತ ನಿಲ್ಲಲಿಲ್ಲ. 2014ರ ಹೊತ್ತಿಗೆ ರೆಕಾರ್ಡಿಂಗ್‌ಗಳಿಂದ ಬರುವ ಆದಾಯ ತಳ ಮುಟ್ಟಿತ್ತು. 2023ರಲ್ಲಿ ಅದು ಹೆಚ್ಚುಕಡಿಮೆ ಎರಡರಷ್ಟಾಗಿ ಜಗತ್ತಿನಾದ್ಯಂತ 2,860 ಕೋಟಿ ಡಾಲರ್ ಮುಟ್ಟಿತು, ಮೂರರಲ್ಲಿ ಎರಡು ಪಾಲು ಸ್ಟ್ರೀಮಿಂಗ್‌ನದ್ದೇ. ದುಡ್ಡು ವಾಪಸ್ ಬಂದಿದೆ. ನಮ್ಮಂಥವರ ಬಾಗಿಲಿಗೆ ಬಂದಿಲ್ಲ, ಅಷ್ಟೇ.

ನನಗೆ ಜಾಸ್ತಿ ಬೇಜಾರು ದುಡ್ಡಿನದ್ದಲ್ಲ. ನನ್ನ ಮೊದಲ ಹಾಡಿನಲ್ಲಿ ದನಿ ಶುರುವಾಗುವ ಮುಂಚೆ ನಲವತ್ತು ಸೆಕೆಂಡ್ ಬರೀ ಕೊಳಲು ಇತ್ತು. ಸ್ಪಾಟಿಫೈನಲ್ಲಿ ಮೂವತ್ತು ಸೆಕೆಂಡ್ ಕೇಳಿದರೆ ಮಾತ್ರ ಒಂದು ಸ್ಟ್ರೀಮ್. ಅಂದರೆ ಕೊಳಲು ಕೇಳುತ್ತಲೇ ಜನ ಮುಂದಿನ ಹಾಡಿಗೆ ಹಾರಿದರೆ ನನ್ನ ಲೆಕ್ಕಕ್ಕೆ ಸೊನ್ನೆ. ಮುಂದಿನ ಹಾಡನ್ನು ನಾನು ಸೀದಾ ಪಲ್ಲವಿಯಿಂದಲೇ ಶುರು ಮಾಡಿದೆ. ಯಾರೂ ಹೇಳಿರಲಿಲ್ಲ, ನಾನೇ ಕತ್ತರಿ ಹಾಕಿದೆ ನೋಡಿ. ಸಾಲದ್ದಕ್ಕೆ 2024ರಿಂದ ಹಿಂದಿನ 12 ತಿಂಗಳಲ್ಲಿ 1,000 ಸ್ಟ್ರೀಮ್ ಆಗದ ಹಾಡಿಗೆ ಸ್ಪಾಟಿಫೈನವರು ರೆಕಾರ್ಡಿಂಗ್ ದುಡ್ಡು ಕೊಡುವುದನ್ನೇ ನಿಲ್ಲಿಸಿದರು. ಕೊಳಲಿನ ಹಾಡು ಏಳುನೂರು ಚಿಲ್ಲರೆಯಲ್ಲಿ ನಿಂತಿದೆ.

ಕೇಳುಗ ಕಟ್ಟಿದ್ದನ್ನು ಅವನು ಕೇಳಿದವರಿಗೇ ಹಂಚುವ ಪದ್ಧತಿಯೂ ಇದೆ, ಸೌಂಡ್‌ಕ್ಲೌಡ್ ಅನ್ನುವ ಆ್ಯಪ್ 2021ರಲ್ಲಿ ಶುರು ಮಾಡಿತು. ದೊಡ್ಡವರು ಆ ದಾರಿಗೆ ಬಂದಿಲ್ಲ. ಹಾಗಾಗಿ ನಿಮಗೆ ನಿಜವಾಗಿ ಇಷ್ಟವಾದವರಿದ್ದರೆ ಆ್ಯಪ್‌ನಲ್ಲಿ ಕೇಳಿ, ಜೊತೆಗೆ ಅವರ ಕಾರ್ಯಕ್ರಮದ ಟಿಕೆಟ್ಟೋ ಕಲಾವಿದರೇ ಹಾಡು ಮಾರುವ ಬ್ಯಾಂಡ್‌ಕ್ಯಾಂಪ್ ತಾಣದಲ್ಲಿ ಒಂದು ಹಾಡೋ ಕೊಳ್ಳಿ. ನನ್ನ ಆ ಕೊಳಲಿನ ಹಾಡನ್ನು ಅಲ್ಲಿ ಯಾರೋ ಒಬ್ಬರು ಕೊಂಡರು. ಅದೊಂದರಿಂದ ಬಂದದ್ದು ಆ ವರ್ಷದ ಎಲ್ಲಾ ಸ್ಟ್ರೀಮ್‌ಗಿಂತ ಜಾಸ್ತಿ.