ಮಾತ್ರೆ ಬಿಟ್ಟು ಧ್ಯಾನ, ಗಿಡಮೂಲಿಕೆಗಳಿಂದಲೇ ಒಸಿಡಿ ವಾಸಿಯಾಗುತ್ತದೆಯೇ?

ನಿಮ್ಮದು ಎರಡು ಪ್ರಶ್ನೆ. ಅಡ್ಡಪರಿಣಾಮಕ್ಕೆ ಬೇಸತ್ತು ಮಾತ್ರೆ ಬಿಟ್ಟು ಗಿಡಮೂಲಿಕೆ ಹಿಡಿಯಬಹುದೇ ಎನ್ನುವುದು ಒಂದು. ಧ್ಯಾನ, ಉಸಿರಾಟದ ಅಭ್ಯಾಸ ಶುರು ಮಾಡಿದ ಮೇಲೆ ಗೀಳು ಯೋಚನೆಗಳು ಹೆಚ್ಚಾಗಿವೆಯಲ್ಲ, ಯಾಕೆ ಎನ್ನುವುದು ಇನ್ನೊಂದು. ನಾನು ವೈದ್ಯನಲ್ಲ, ಬಹಳ ಕಾಲದಿಂದ ಒಸಿಡಿ ಎಂಬ ಈ ಗೀಳು ಕಾಯಿಲೆಯೊಂದಿಗೆ ಇರುವವನು. ಎರಡನೆಯದರಿಂದಲೇ ಶುರು ಮಾಡುತ್ತೇನೆ, ಮೊದಲನೆಯದಕ್ಕೂ ಉತ್ತರ ಅಲ್ಲೇ ಇದೆ.

ಮನಸ್ಸನ್ನು ಹಗುರ ಮಾಡುವ ಏನನ್ನೇ ಕೊಡಿ, ಒಸಿಡಿ ಅದನ್ನು ತನ್ನ ಚಾಕರಿಗೆ ಹಚ್ಚಿಕೊಳ್ಳುತ್ತದೆ. ಕೆಟ್ಟ ಯೋಚನೆ ಬರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಹತ್ತು ಸಲ ದೀರ್ಘ ಉಸಿರು ಎಳೆಯುತ್ತೀರಿ, ಆತಂಕ ಇಳಿಯುತ್ತದೆ. ಕೈ ತೊಳೆದಾಗಲೂ, ಚಿಲಕ ಮತ್ತೆ ಮುಟ್ಟಿ ನೋಡಿದಾಗಲೂ ಆಗುವುದು ಇಷ್ಟೇ ಅಲ್ಲವೇ? ‘ಆ ಯೋಚನೆ ನಿಜಕ್ಕೂ ಅಪಾಯದ್ದು, ಉಸಿರಾಟ ಮಾಡಿದ್ದಕ್ಕೆ ಬಚಾವಾದೆ’ ಅಂತ ಮಿದುಳು ನಂಬಿಬಿಡುತ್ತದೆ. ಆಮೇಲೆ ಎಣಿಕೆ ತಪ್ಪಿತೇನೋ ಎಂಬ ಅನುಮಾನ, ಮತ್ತೆ ಒಂದರಿಂದ ಶುರು. ನನಗೂ ಹೀಗೇ ಆಗಿದೆ.

1966ರಲ್ಲಿ ಲಂಡನ್ನಿನ ಮನಶ್ಶಾಸ್ತ್ರಜ್ಞ ವಿಕ್ಟರ್ ಮೇಯರ್ ತೋರಿಸಿಕೊಟ್ಟ ದಾರಿ ಇದಕ್ಕೆ ಪೂರ್ತಿ ಉಲ್ಟಾ. ಹೆದರಿಸುವ ವಸ್ತುವನ್ನೋ ಯೋಚನೆಯನ್ನೋ ಬೇಕೆಂದೇ ಎದುರಿಸುವುದು, ಆಮೇಲೆ ತೊಳೆಯದೆ, ಪರೀಕ್ಷಿಸದೆ, ಯಾರಲ್ಲೂ ‘ಏನಾಗಲ್ಲ ತಾನೇ’ ಎಂದು ಕೇಳದೆ ಆ ಆತಂಕದೊಂದಿಗೇ ಇರುವುದು. ಇಂದು ಇಆರ್‌ಪಿ (ಎಕ್ಸ್‌ಪೋಷರ್ ಅಂಡ್ ರೆಸ್ಪಾನ್ಸ್ ಪ್ರಿವೆನ್ಷನ್) ಅನ್ನುವುದು ಇದನ್ನೇ. ಇದನ್ನು ಪರೀಕ್ಷೆಗೆ ಒಡ್ಡಿದ ಹಲವು ಅಧ್ಯಯನಗಳು ಹೋಲಿಕೆಗೆ ಇಟ್ಟುಕೊಂಡದ್ದು ಏನನ್ನು ಗೊತ್ತೇ? ದೇಹ ಸಡಿಲಿಸುವ ವಿಶ್ರಾಂತಿ ತಂತ್ರವನ್ನು! ಒಸಿಡಿಯ ಮಟ್ಟಿಗೆ ಅದರಿಂದ ಹೆಚ್ಚೇನೂ ಆಗದು ಎಂಬ ಲೆಕ್ಕದಲ್ಲಿ.

ಹಾಗಂತ ಧ್ಯಾನ ಬಿಡಿ ಎನ್ನುತ್ತಿಲ್ಲ. ಯೋಚನೆ ಬಂದಾಗ ಓಡಿಹೋಗಿ ಕೂರಬೇಡಿ. ಯೋಚನೆ ಇರಲಿ ಬಿಡಲಿ, ನಿಗದಿತ ಹೊತ್ತಿಗೆ ಕೂತು ನಿಗದಿತ ಹೊತ್ತಿಗೆ ಏಳಿ. ಕೂತಾಗ ಯೋಚನೆ ಬಂದರೆ ಓಡಿಸಲೂ ಬೇಡಿ, ವಾದಕ್ಕೂ ಇಳಿಯಬೇಡಿ. ಹೀಗೆ ಮಾಡಿದರೆ ಅದು ಇಆರ್‌ಪಿಗೆ ಜೊತೆಗಾರನಾಗುತ್ತದೆ. ವ್ಯಾಯಾಮ, ನಿದ್ದೆ ಎರಡೂ ಒಳ್ಳೆಯವೇ, ಬೆಂಬಲಕ್ಕೆ.

ಇನ್ನು ಗಿಡಮೂಲಿಕೆ, ಪೂರಕಗಳು. ಅಂತರ್ಜಾಲದಲ್ಲಿ ಹೆಚ್ಚು ಹೊಗಳಿಸಿಕೊಳ್ಳುವ ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡಮೂಲಿಕೆಯ ಬಗ್ಗೆ 2005ರಲ್ಲಿ 60 ಮಂದಿಯ ಮೇಲೆ 12 ವಾರಗಳ ಪ್ರಯೋಗ ನಡೆಯಿತು. ಡಮ್ಮಿ ಮಾತ್ರೆಗಿಂತ ಅದು ಮೇಲಾಗಲಿಲ್ಲ. ಒಸಿಡಿಯ ಸಾಮಾನ್ಯ ಮಾತ್ರೆಗಳಾದ ಎಸ್ಎಸ್ಆರ್‌ಐಗಳೊಂದಿಗೆ ಅದನ್ನು ಸೇರಿಸಿದರೆ ಸೆರೊಟೋನಿನ್ ಸಿಂಡ್ರೋಮ್ ಎಂಬ ಅಪಾಯಕಾರಿ ಸ್ಥಿತಿ ಬರಬಹುದು. ಗರ್ಭನಿರೋಧಕ ಮಾತ್ರೆಯ ಬಲವನ್ನೂ ಅದು ಕುಗ್ಗಿಸುತ್ತದೆ. ‘ನೈಸರ್ಗಿಕ’ ಎಂಬ ಚೀಟಿ ನೋಡಿ ನಿಶ್ಚಿಂತೆಯಿಂದ ಇರುವಂತಿಲ್ಲ.

ಇನೋಸಿಟಾಲ್ ಎಂಬ ಪೂರಕ ಪುಡಿಯದು ಸ್ವಲ್ಪ ಬೇರೆ ಕಥೆ. 1996ರ ಒಂದು ಪ್ರಯೋಗದಲ್ಲಿ ದಿನಕ್ಕೆ 18 ಗ್ರಾಂ ತೆಗೆದುಕೊಂಡವರಿಗೆ ಉಪಯೋಗವಾಗಿತ್ತು, ಆದರೆ ಅದರಲ್ಲಿದ್ದವರು ಬರೀ 13 ಮಂದಿ. ಎಸ್ಎಸ್ಆರ್‌ಐ ಜೊತೆಗೆ ಕೊಟ್ಟು ನೋಡಿದಾಗ ಹೆಚ್ಚಿನ ಲಾಭ ಕಾಣಲಿಲ್ಲ. ಎನ್-ಅಸಿಟೈಲ್ ಸಿಸ್ಟೀನ್ ಎಂಬ ಇನ್ನೊಂದು ಪೂರಕ ಕೆಲವು ಪ್ರಯೋಗಗಳಲ್ಲಿ ಗೆದ್ದಿದೆ, ಕೆಲವದರಲ್ಲಿ ಸೋತಿದೆ. ವೈದ್ಯರಿಗೆ ತಿಳಿಸಿ, ಮಾತ್ರೆಯ ಜೊತೆಗೆ ಪ್ರಯತ್ನಿಸಬಹುದಾದದ್ದು ಎಂದರೆ ನನ್ನ ಲೆಕ್ಕದಲ್ಲಿ ಇದೊಂದೇ. ಹೋಮಿಯೋಪತಿಗೆ ನಂಬಬಹುದಾದ ಪುರಾವೆಯೇ ಇಲ್ಲ.

ಮಾತ್ರೆಯನ್ನು ಮಾತ್ರ ನೀವಾಗಿಯೇ ಥಟ್ಟನೆ ನಿಲ್ಲಿಸಬೇಡಿ. ತಲೆಸುತ್ತು, ತಲೆಯೊಳಗೆ ಶಾಕ್ ಹೊಡೆದಂಥ ಅನುಭವ, ಕಾಯಿಲೆ ಮರುಕಳಿಸುವುದು ಎಲ್ಲಕ್ಕೂ ಅದು ದಾರಿ. ಒಸಿಡಿಗೆ ಖಿನ್ನತೆಗಿಂತ ಹೆಚ್ಚಿನ ಡೋಸ್ ಬೇಕಾಗುವುದುಂಟು, ಪರಿಣಾಮ ಕಾಣಲು 8ರಿಂದ 12 ವಾರ ಹಿಡಿಯಬಹುದು. ಅಡ್ಡಪರಿಣಾಮ ತಡೆಯಲಾಗದಿದ್ದರೆ ಮಾತ್ರೆ ಬದಲಿಸಲು ಕೇಳಿ. ಒಬ್ಬರಿಗೆ ಒಗ್ಗದ್ದು ಇನ್ನೊಬ್ಬರಿಗೆ ಒಗ್ಗುತ್ತದೆ.

ಮಾತ್ರೆಯಿಲ್ಲದ ದಾರಿಯೇ ಬೇಕೆಂದಿದ್ದರೆ ಅದು ಇಆರ್‌ಪಿ. ಕಾಯಿಲೆ ತೀರಾ ಜೋರಾಗಿಲ್ಲದವರಿಗೆ ಬರೀ ಇಆರ್‌ಪಿಯಿಂದಲೇ ಚಿಕಿತ್ಸೆ ಶುರು ಮಾಡುವುದೂ ಉಂಟು. ಆದರೆ ಆಪ್ತಸಮಾಲೋಚಕರೆಲ್ಲರಿಗೂ ಅದರ ತರಬೇತಿ ಇರುವುದಿಲ್ಲ. ಮೊದಲ ಭೇಟಿಯಲ್ಲೇ ನೇರವಾಗಿ ಕೇಳಿ: ‘ನನಗೆ ಹೆದರಿಕೆಯಾಗುವುದನ್ನು ನಿಮ್ಮೆದುರೇ ಮಾಡಿಸುತ್ತೀರಾ? ಮನೆಯಲ್ಲಿ ಮಾಡಲು ಅಭ್ಯಾಸ ಕೊಡುತ್ತೀರಾ?’ ಬರೀ ಬಾಲ್ಯ ಕೆದಕುವ, ರಿಲ್ಯಾಕ್ಸ್ ಆಗಿ ಎನ್ನುವ ಉತ್ತರ ಬಂದರೆ ಬೇರೆಯವರನ್ನು ಹುಡುಕಿ.